ಮೂಡುಬಿದಿರೆಯ ಓಲೆಗರಿ, ವೇಣೂರಿನ ಕುಂಕುಮ ಮತ್ತು ಕಂಪ್ಯೂಟರಿನ ಕೆಂಪು

ಕೆಂಪು ಅಂದರೆ ಯಾವ ಕೆಂಪು? ಬಂಟ್ವಾಳದ ಹಂಚಿನ ಮಾಡಿನ ಕೆಂಪೋ, ಮುರಕಲ್ಲಿನ ಕೆಂಪೋ, ಕೇಪಳ ಹೂವಿನ ಕೆಂಪೋ? ನಮ್ಮ ಕಡೆ ಈ ಮೂರನ್ನೂ ಒಂದೇ ಹೆಸರಿನಿಂದ ಕರೆದರೂ ಕಣ್ಣಿಗೆ ಮಾತ್ರ ಎಂದೂ ಗೊಂದಲವಾಗುವುದಿಲ್ಲ. ಕಂಪ್ಯೂಟರಿಗೆ ಹಾಗಲ್ಲ ಮಾರಾಯ್ರೆ. ಅದಕ್ಕೆ ಕೆಂಪು ಅಂದರೆ ಸೊನ್ನೆಯಿಂದ 255ರ ತನಕದ ಒಂದು ಅಂಕಿ. ಆ ಅಂಕಿಯನ್ನು ಯಾರು, ಯಾವ ಯಂತ್ರದಲ್ಲಿ, ಯಾವ ಅರ್ಥದಲ್ಲಿ ಬರೆದರು ಎಂಬುದು ಕಳೆದುಹೋದರೆ ಬಣ್ಣವೂ ಕಳೆದುಹೋದಂತೆ.

ನಾನು ಹೊಟ್ಟೆಪಾಡಿಗೆ ಪ್ರೋಗ್ರಾಮು ಬರೆಯುವವನು. ಒಂದೇ ತಂತ್ರಾಂಶ ವಿಂಡೋಸಿನಲ್ಲೂ ಮ್ಯಾಕಿನಲ್ಲೂ ಲಿನಕ್ಸಿನಲ್ಲೂ ಓಡಬೇಕು, ಒಂದೇ ಚಿತ್ರ ಮೂರೂ ಕಡೆ ಒಂದೇ ಥರ ಕಾಣಬೇಕು, ಇದು ನನ್ನ ದಿನನಿತ್ಯದ ರಗಳೆ. ಈ ರಗಳೆಗೂ ಒಂದು ಚರಿತ್ರೆ ಇದೆ. ಆ ಚರಿತ್ರೆ ನಮ್ಮ ಊರುಗಳಿಂದ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಹಾಗಾಗಿ ಈ ಬರಹದಲ್ಲಿ ಮೂಡುಬಿದಿರೆ, ಬೆಳ್ತಂಗಡಿ ತಾಲೂಕಿನ ವೇಣೂರು, ಕೊನೆಗೆ ಬಂಟ್ವಾಳ. ಸ್ವಲ್ಪ ಉದ್ದ ಇದೆ, ಕಾಫಿ ಕುಡಿಯುತ್ತಾ ಓದಿ.

ಎರಡು ವರ್ಣ

ಮೂಡುಬಿದಿರೆಗೆ ಹೋದವರೆಲ್ಲ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿ ಬರುತ್ತಾರೆ. ಅಲ್ಲೇ ಹತ್ತಿರ ಇರುವ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಯಾಕೆಂದರೆ ದಿಗಂಬರ ಜೈನರ ಮೂಲ ಆಗಮವಾದ ಷಟ್‌ಖಂಡಾಗಮದ ಧವಲಾ ಟೀಕೆ, ಜಯಧವಲಾ, ಮಹಾಧವಲಾ ಎಂದು ಕರೆಯುವ ಮಹಾಬಂಧ, ಈ ಸಿದ್ಧಾಂತ ಗ್ರಂಥಗಳ ಹಳೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದು ಬಂದದ್ದು ಅಲ್ಲಿ. ವೀರಸೇನಾಚಾರ್ಯರು ಧವಲಾವನ್ನು ಮುಗಿಸಿದ್ದು ಕ್ರಿ.ಶ. 816ರಲ್ಲಿ. ಮೂಡುಬಿದಿರೆಯ ಪ್ರತಿಗಳು ಸುಮಾರು ಮುನ್ನೂರು ವರ್ಷ ಈಚಿನವು, ಹನ್ನೆರಡನೆಯ ಶತಮಾನದ ಆರಂಭದವು, ಹೊಯ್ಸಳರ ಕಾಲದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಮಾತ್ರ ನಮ್ಮ ಹಳೆಯ ಕನ್ನಡ ಲಿಪಿ.

ಈ ಓಲೆಗಳಲ್ಲಿ ಬರಹದ ನಡುನಡುವೆ ಬಣ್ಣದ ಚಿತ್ರಗಳಿವೆ. ಪಾರ್ಶ್ವನಾಥ, ಜತೆಗೆ ಧರಣೇಂದ್ರ-ಪದ್ಮಾವತಿ. ಮೈಗೆ ಬಳ್ಳಿ ಸುತ್ತಿದ ಬಾಹುಬಲಿ, ಇಕ್ಕೆಲದಲ್ಲಿ ಅವನ ತಂಗಿಯರು. ಮಾವಿನ ಮರದ ಕೆಳಗೆ ಮಕ್ಕಳೊಡನೆ ಅಂಬಿಕಾ ಯಕ್ಷಿ. ಅಗಲ ಬೆರಳೆಣಿಕೆಯ ಅಂಗುಲ, ಅಷ್ಟರಲ್ಲಿ ಇದೆಲ್ಲ. ಕರ್ನಾಟಕದಲ್ಲಿ ಉಳಿದಿರುವ ಅತಿ ಹಳೆಯ ಚಿತ್ರಿತ ಹಸ್ತಪ್ರತಿಗಳಲ್ಲಿ ಇವುಗಳದು ಮೊದಲ ಸಾಲು. ಸಿ. ಶಿವರಾಮಮೂರ್ತಿಯವರು 1968ರಲ್ಲಿ ದಕ್ಷಿಣ ಭಾರತದ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇವುಗಳಿಗೆ ಜಾಗ ಕೊಟ್ಟಿದ್ದಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೊಲ್ಲಾಪುರ, ಮುಂಬಯಿ ಕಡೆಯ ಜೈನ ಶ್ರಾವಕರಿಗೆ ಒಂದು ಚಿಂತೆ ಹತ್ತಿತು. ಓಲೆ ಸವೆದು ಹೋದರೆ ಗತಿ ಏನು? ಪಂಡಿತರನ್ನು ನೇಮಿಸಿ ನಕಲು ಮಾಡಿಸಲು ಶುರು ಮಾಡಿದರು. ಹಳೆಯ ಕನ್ನಡ ಲಿಪಿಯಿಂದ ದೇವನಾಗರಿಗೆ, ಹೊಸ ಕನ್ನಡ ಲಿಪಿಗೆ. ವರ್ಷಗಟ್ಟಲೆ ನಡೆದ ಕೆಲಸ. ಕೊನೆಗೆ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳು ಬಂದವು.

ಪಂಡಿತರು ಕೂತು ನಕಲು ಮಾಡಿದ್ದು ಅಕ್ಷರಗಳನ್ನು. ಸಹಜವೇ. ಹಳಗನ್ನಡ ಲಿಪಿಯ 'ಕ'ವನ್ನು ದೇವನಾಗರಿಯಲ್ಲಿ ಬರೆದರೂ ಅದು 'ಕ'ವೇ. ಆದರೆ ಅಂಬಿಕೆಯ ಮೈಬಣ್ಣವನ್ನು ಯಾವ ಲಿಪಿಯಲ್ಲಿ ಬರೆಯುವುದು? ನಮ್ಮ ಭಾಷೆಯಲ್ಲಿ 'ವರ್ಣ' ಅಂದರೆ ಅಕ್ಷರವೂ ಹೌದು, ಬಣ್ಣವೂ ಹೌದು. ಒಂದು ವರ್ಣ ಮೂಡುಬಿದಿರೆಯಿಂದ ಅಮರಾವತಿಗೆ ದಾಟಿತು. ಇನ್ನೊಂದು ವರ್ಣ ಓಲೆಯಲ್ಲೇ ಉಳಿಯಿತು.

ನುಡಿ, ಬರಹ ಕಾಲದ ನೆನಪು

ಹಳೆಯ ಬ್ಲಾಗಿಗರಿಗೆ ಇದನ್ನು ವಿವರಿಸುವುದು ಸುಲಭ. ಯೂನಿಕೋಡು ಬಳಕೆಗೆ ಬರುವ ಮುಂಚೆ ನಾವೆಲ್ಲ ಪಟ್ಟ ಪಾಡು ನೆನಪಿದೆಯಲ್ಲ? ಒಂದು ಫಾಂಟಿನಲ್ಲಿ ಕುಟ್ಟಿದ್ದನ್ನು ಇನ್ನೊಂದು ಫಾಂಟಿನಲ್ಲಿ ತೆರೆದರೆ ಕನ್ನಡ ಹೋಗಿ ಕಾಗೆ ಕಾಲು ಗುಬ್ಬಿ ಕಾಲು. ಕಡತದಲ್ಲಿದ್ದ ಅಂಕಿಗಳು ಅವೇ, ಅವುಗಳ ಅರ್ಥ ಮಾತ್ರ ಫಾಂಟಿನ ಜತೆ ಬದಲಾಗುತ್ತಿತ್ತು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜತೆ ಬಂದ ಮೇಲೆ ಅದು ನಮ್ಮ ಮನೆಗಳಿಗೂ ಬಂತು. ಈಗ 'ಕ' ಅಂದರೆ 3221, ಯಾವ ಯಂತ್ರದಲ್ಲೇ ಆಗಲಿ.

ಬಣ್ಣದ ಲೋಕದಲ್ಲೂ ಇದೇ ಕತೆ, ಸ್ವಲ್ಪ ಹೆಚ್ಚು ಜಟಿಲ. ಕೆಂಪು, ಹಸಿರು, ನೀಲಿ ಮೂರಕ್ಕೂ 256 ಮೆಟ್ಟಿಲು ಕೊಟ್ಟರೆ 1,67,77,216 ಬಣ್ಣಗಳು. ಲೆಕ್ಕ ಭರ್ಜರಿ. ಆದರೆ "ಕೆಂಪು 200" ಎಂದರೆ ಎಷ್ಟು ಕೆಂಪು? ನಿಮ್ಮ ಪರದೆಯಲ್ಲಿ ಒಂದು, ನನ್ನ ಪರದೆಯಲ್ಲಿ ಇನ್ನೊಂದು. ಅರ್ಥ ಹೇಳದ ಅಂಕಿ, ಫಾಂಟಿನ ಹೆಸರು ಹೇಳದ ಹಳೆಯ ಕನ್ನಡ ಕಡತದ ಹಾಗೆಯೇ.

ಅಂಕಗಳು ಎಡಕ್ಕೆ ನಡೆಯುವಾಗ

ಅರ್ಥಕ್ಕೂ ಮೊದಲು ಅನುಕ್ರಮದ ಪ್ರಶ್ನೆ ಇದೆ. ಮೂರು ಅಂಕಿಗಳಲ್ಲಿ ಯಾವುದು ಮೊದಲು?

ನಮ್ಮ ಹಿರಿಯರು ಶಾಸನಗಳಲ್ಲೂ ಗ್ರಂಥಗಳಲ್ಲೂ ವರ್ಷವನ್ನು ಪದಗಳಲ್ಲಿ ಬರೆಯುತ್ತಿದ್ದುದುಂಟು. ನೇತ್ರ ಅಂದರೆ 2, ವೇದ ಅಂದರೆ 4, ಋತು ಅಂದರೆ 6. ಓದುವಾಗ ಅಂಕಗಳು ಎಡಕ್ಕೆ ನಡೆಯುತ್ತವೆ ಎಂಬುದು ನಿಯಮ. ಅಂದರೆ 'ವೇದ-ನೇತ್ರ' ಎಂದಿದ್ದರೆ ಬಿಡಿ ಸ್ಥಾನದಲ್ಲಿ 4, ಹತ್ತರ ಸ್ಥಾನದಲ್ಲಿ 2, ಒಟ್ಟು 24. ನಿಯಮ ಗೊತ್ತಿಲ್ಲದವರು 42 ಎಂದು ಓದಿ ಚರಿತ್ರೆಯನ್ನೇ ಅಡಿಮೇಲು ಮಾಡಬಹುದು.

ಕಂಪ್ಯೂಟರುಗಳಲ್ಲೂ ಹೀಗೇ ಎರಡು ಪಂಗಡ. ಇಂಟೆಲ್ ಚಿಪ್ಪುಗಳು ಚಿಕ್ಕ ಸ್ಥಾನವನ್ನು ಮೊದಲು ಇಡುತ್ತವೆ, ನಮ್ಮ ಶಾಸನಕಾರರ ಹಾಗೆ. ಹಳೆಯ ಮ್ಯಾಕುಗಳಲ್ಲಿದ್ದ ಮೊಟೊರೋಲಾ ಚಿಪ್ಪುಗಳು ದೊಡ್ಡ ಸ್ಥಾನವನ್ನು ಮೊದಲು ಇಡುತ್ತಿದ್ದವು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಗಲಿವರನ ಕತೆಯಲ್ಲಿ ಜಗಳವಾಡುವವರ ಹೆಸರನ್ನೇ ಡ್ಯಾನಿ ಕೋಹೆನ್ ಎಂಬವರು 1980ರಲ್ಲಿ ಈ ಪಂಗಡಗಳಿಗೆ ಇಟ್ಟರು. 1986ರಲ್ಲಿ ಆಲ್ಡಸ್ ಕಂಪನಿ ಟಿಫ್ ಎಂಬ ಚಿತ್ರದ ನಮೂನೆಯನ್ನು ತಂದಾಗ ಎರಡನ್ನೂ ಒಪ್ಪಿಕೊಂಡಿತು. ಕಡತದ ಮೊದಲ ಎರಡು ಅಕ್ಷರ 'ಐಐ' ಎಂದಿದ್ದರೆ ಇಂಟೆಲ್ ಕ್ರಮ, 'ಎಂಎಂ' ಎಂದಿದ್ದರೆ ಮೊಟೊರೋಲಾ ಕ್ರಮ. ಅದರ ನಂತರ ಸರಿಯಾಗಿ ಓದಿದ್ದೀರಾ ಎಂದು ಪರೀಕ್ಷಿಸಲು ಒಂದು ಸಂಖ್ಯೆ. ಆ ಸಂಖ್ಯೆ ಯಾವುದು ಗೊತ್ತೇ? 42! ನೇತ್ರ-ವೇದ!

ಬಣ್ಣದ ಕ್ರಮದಲ್ಲಿ ಇಷ್ಟು ಶಿಸ್ತೂ ಇಲ್ಲ. ವಿಂಡೋಸಿನ ಬಿಎಂಪಿ ಕಡತದಲ್ಲಿ ನೀಲಿ, ಹಸಿರು, ಕೆಂಪು ಎಂಬ ಕ್ರಮ. ಅದೂ ಚಿತ್ರದ ಕೆಳಗಿನ ಸಾಲಿನಿಂದ ಮೇಲಕ್ಕೆ! ಅದೇ ವಿಂಡೋಸಿನಲ್ಲಿ ಗೆರೆ ಎಳೆಯಲು ಬಣ್ಣ ಹೇಳುವಾಗ ಕ್ರಮ ಉಲ್ಟಾ, ಕೆಂಪು ಮೊದಲು. ಪಿಎನ್‌ಜಿಯಲ್ಲಿ ಕೆಂಪು ಮೊದಲು. ಚಿತ್ರ ಸಂಸ್ಕರಣೆಗೆ ಜನ ಬಳಸುವ ಓಪನ್‌ಸಿವಿಯಲ್ಲಿ ನೀಲಿ ಮೊದಲು. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಗೇ ಸುರಿದರೆ ಕೆಂಪು ನೀಲಿಯಾಗುತ್ತದೆ, ನೀಲಿ ಕೆಂಪಾಗುತ್ತದೆ.

"ಆದರೆ ಏನಂತೆ, ನೋಡಿದರೆ ಗೊತ್ತಾಗುತ್ತದಲ್ಲ" ಅನ್ನಬಹುದು. ಮನುಷ್ಯರ ಮುಖವಾದರೆ ಗೊತ್ತಾಗುತ್ತದೆ. ಜೈನ ಚಿತ್ರವಾದರೆ? ದಿಗಂಬರ ಪರಂಪರೆಯಲ್ಲಿ 24 ತೀರ್ಥಂಕರರಿಗೂ ವರ್ಣ ನಿಗದಿಯಾಗಿದೆ. ಪದ್ಮಪ್ರಭ, ವಾಸುಪೂಜ್ಯ ಕೆಂಪು. ಚಂದ್ರಪ್ರಭ, ಪುಷ್ಪದಂತ ಬಿಳಿ. ಸುಪಾರ್ಶ್ವ, ಪಾರ್ಶ್ವ ಹಸಿರು. ಮುನಿಸುವ್ರತ, ನೇಮಿನಾಥ ಕಪ್ಪು ಅಥವಾ ನೀಲ. ಉಳಿದ 16 ಮಂದಿ ಹೊನ್ನಿನ ಬಣ್ಣ. ಕಣ್ಣು ಮುಚ್ಚಿ ಕುಳಿತ ತೀರ್ಥಂಕರರ ರೂಪವೆಲ್ಲ ಸುಮಾರಾಗಿ ಒಂದೇ. ಪೀಠದ ಲಾಂಛನ ಅಳಿಸಿ ಹೋಗಿದ್ದರೆ ಗುರುತು ಹಿಡಿಯಲು ಉಳಿಯುವುದು ಯಕ್ಷ-ಯಕ್ಷಿ ಮತ್ತು ಬಣ್ಣ. ಪ್ರೋಗ್ರಾಮಿನಲ್ಲಿ ಕೆಂಪು-ನೀಲಿ ಅದಲುಬದಲಾದರೆ ಪದ್ಮಪ್ರಭ ನೇಮಿನಾಥನಾಗುತ್ತಾನೆ! ಹೊನ್ನಿನ ಬಣ್ಣದವರು ಆಕಾಶನೀಲಿಯಾಗುತ್ತಾರೆ. ಬಿಳಿಗೂ ಹಸಿರಿಗೂ ಏನೂ ಆಗುವುದಿಲ್ಲ. ಹಾಗಾಗಿ ಸಾವಿರ ಕಂಬದ ಬಸದಿಯ ಚಂದ್ರನಾಥನೂ ಗುರು ಬಸದಿಯ ಪಾರ್ಶ್ವನಾಥನೂ ಬಚಾವ್. ಮೂಡುಬಿದಿರೆಯವರು ಮೊದಲೇ ಯೋಚನೆ ಮಾಡಿ ಪ್ರತಿಷ್ಠೆ ಮಾಡಿದ ಹಾಗಿದೆ!

ತಮಾಷೆ ಇರಲಿ. ಇಲ್ಲಿ ಬಣ್ಣ ಅಲಂಕಾರಕ್ಕೆ ಹಾಕಿದ್ದಲ್ಲ, ಅದು ಮಾಹಿತಿ. ಯಕ್ಷಗಾನದಲ್ಲಿ ರಕ್ಕಸ ಪಾತ್ರಗಳಿಗೆ 'ಬಣ್ಣದ ವೇಷ' ಎಂದೇ ಹೆಸರಿಟ್ಟ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಪ್ಪಂದದ ಚರಿತ್ರೆ

ಕ್ರಮ ಸರಿಯಾದರೂ ಅರ್ಥದ ಪ್ರಶ್ನೆ ಉಳಿಯಿತು. ಆ್ಯಪಲ್‌ನವರ ಮ್ಯಾಕುಗಳು ಗಾಮಾ 1.8 ಎಂಬ ಲೆಕ್ಕದಲ್ಲಿ, ವಿಂಡೋಸ್ ಯಂತ್ರಗಳು 2.2ರ ಲೆಕ್ಕದಲ್ಲಿ ಚಿತ್ರ ತೋರಿಸುತ್ತಿದ್ದವು. ಅಂಕಿಗೂ ಪರದೆಯ ಬೆಳಕಿಗೂ ಇರುವ ಸಂಬಂಧವೇ ಗಾಮಾ. ಅಂಕಿ ಅರ್ಧಕ್ಕಿಳಿದರೆ ಬೆಳಕು ಅರ್ಧಕ್ಕಿಳಿಯುವುದಿಲ್ಲ, ಇನ್ನೂ ಕೆಳಗೆ ಹೋಗುತ್ತದೆ. ಎಷ್ಟು ಕೆಳಗೆ ಎಂಬುದನ್ನು ಈ 1.8, 2.2 ಹೇಳುತ್ತವೆ. ಪರಿಣಾಮ ಏನೆಂದರೆ ಮ್ಯಾಕಿನಲ್ಲಿ ಸರಿಮಾಡಿದ ಚಿತ್ರ ವಿಂಡೋಸಿನಲ್ಲಿ ಮಂಕಾಗಿ ಕಾಣುತ್ತಿತ್ತು. ಕಂದು ಬಣ್ಣದ ತಾಳೆಗರಿಯ ಚಿತ್ರವಾದರೆ ಕೇಳುವುದೇ ಬೇಡ, ಓಲೆಯೂ ಅಕ್ಷರವೂ ಒಟ್ಟಿಗೆ ಕತ್ತಲೆ. ಈ ವ್ಯತ್ಯಾಸ ಹೋದದ್ದು 2009ರಲ್ಲಿ, ಆ್ಯಪಲ್ ತನ್ನ ಹಿಮಚಿರತೆ ಹೆಸರಿನ ಆವೃತ್ತಿಯಲ್ಲಿ 2.2ಕ್ಕೆ ಬಂದಾಗ.

ಅದಕ್ಕೂ ಮೊದಲೇ 1993ರಲ್ಲಿ ಎಂಟು ಕಂಪನಿಗಳು ಸೇರಿ ಐಸಿಸಿ ಎಂಬ ಒಕ್ಕೂಟ ಕಟ್ಟಿದವು. ಪ್ರತಿ ಚಿತ್ರದ ಒಳಗೇ ಒಂದು ಬಣ್ಣದ ಜಾತಕ ಇಡಬೇಕು ಎಂಬುದು ಅವರ ಮಾತು. ಈ ಅಂಕಿಗಳು ಮನುಷ್ಯನ ಕಣ್ಣಿಗೆ ಯಾವ ಬಣ್ಣ ಎಂದು ಆ ಜಾತಕ ಹೇಳುತ್ತದೆ. ಇದಕ್ಕೆ ತಳಪಾಯ 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗ ಮಾಡಿದ ಕಣ್ಣಿನ ಅಳತೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ, ಜಾತಕ ಇಲ್ಲದ ಚಿತ್ರಗಳಿಗೆಲ್ಲ ಒಂದೇ ಅರ್ಥ ಇಟ್ಟುಕೊಳ್ಳೋಣ ಎಂದು ಎಸ್‌ಆರ್‌ಜಿಬಿಯನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಬಣ್ಣಕ್ಕೆ ಯೂನಿಕೋಡು ಬಂತು ಎನ್ನಬಹುದು.

ಆದರೆ ಮಾನಕ ಬಂದ ಕೂಡಲೇ ಬ್ರೌಸರುಗಳು ಪಾಲಿಸಬೇಕಲ್ಲ. ಫೈರ್‌ಫಾಕ್ಸಿನಲ್ಲಿ 2008ರಲ್ಲಿ ಈ ಸೌಲಭ್ಯ ಇದ್ದರೂ ಮುಚ್ಚಿಯೇ ಇತ್ತು. 2009ರಲ್ಲಿ ತಾನಾಗಿ ತೆರೆದುಕೊಂಡಿತು. ನಾವು ಉತ್ಸಾಹದಿಂದ ಬ್ಲಾಗು ಬರೆಯಲು ಶುರು ಮಾಡಿದ ಕಾಲದಲ್ಲಿ ಹಾಕಿದ ಚಿತ್ರಗಳೆಲ್ಲ ಬಹುಮಟ್ಟಿಗೆ ದೇವರ ಮೇಲೆ ಭಾರ ಹಾಕಿ ಹಾಕಿದವು.

ಇನ್ನೊಂದು ವಿಷಯ ಜೆಪೆಗ್. 1992ರಿಂದ ಲೋಕವನ್ನೆಲ್ಲ ಆವರಿಸಿಕೊಂಡ ನಮೂನೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಈ ದೌರ್ಬಲ್ಯವನ್ನೇ ಜೆಪೆಗ್ ಬಳಸಿಕೊಂಡಿತು. ಸಾಮಾನ್ಯ ಬಳಕೆಯಲ್ಲಿ ನಾಲ್ಕು ಚುಕ್ಕೆಗಳಿಗೆ ಬೆಳಕು ನಾಲ್ಕು, ಬಣ್ಣ ಒಂದೇ. ಗದ್ದೆ, ಗುಡ್ಡ, ಮದುವೆ ಚಿತ್ರಕ್ಕೆ ಇದು ಧಾರಾಳ ಸಾಕು. ಕಂದು ಓಲೆಯ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಎಳೆದ ಕೆಂಪು ಗೆರೆಗೆ ಸಾಕಾಗುವುದಿಲ್ಲ. ಗೆರೆಯ ಕೆಂಪು ಪಕ್ಕದ ಕಂದಿಗೆ ಸೋರುತ್ತದೆ. ಹಸ್ತಪ್ರತಿಯ ಮೂಲ ಚಿತ್ರವನ್ನು ಟಿಫ್‌ನಲ್ಲಿ ಇಡಿ ಎಂದು ತಿಳಿದವರು ಹೇಳುವುದಕ್ಕೆ ಇದೂ ಒಂದು ಕಾರಣ.

ಉಡುಪಿಯ ಕಾಣದ ಬೆಳಕು

ಮೂಡುಬಿದಿರೆಯಿಂದ ಉಡುಪಿ ದೂರವೇನಲ್ಲ. ಅಲ್ಲಿ 2006ರಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಮಧ್ವಾಚಾರ್ಯರ 36 ಕೃತಿಗಳಿರುವ ಸರ್ವಮೂಲ ಗ್ರಂಥದ ಹಳೆಯ ತಾಳೆಗರಿಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್, ಅವರ ಜತೆ ಕೀತ್ ನಾಕ್ಸ್ ಸೇರಿ ಚಿತ್ರೀಕರಿಸಿದರು. ಈಸ್ಟನ್, ನಾಕ್ಸ್ ಇಬ್ಬರೂ ಆರ್ಕಿಮಿಡೀಸನ ಅಳಿಸಿಹೋದ ಹಸ್ತಪ್ರತಿಯನ್ನು ಓದುವಂತೆ ಮಾಡಿದ ತಂಡದಲ್ಲಿದ್ದವರು.

ಇಲ್ಲಿ ಅವರು ಬಳಸಿದ್ದು ಅವಕೆಂಪು ಬೆಳಕು, ನಮ್ಮ ಕಣ್ಣಿಗೆ ಕಾಣದ್ದು. ಹಳತಾದ ಓಲೆ ಕಂದಾಗುತ್ತಾ ಕಪ್ಪಾಗುತ್ತದೆ, ಮಸಿಯೂ ಕಪ್ಪು. ಎರಡೂ ಕಣ್ಣಿಗೆ ಒಂದೇ. ಆದರೆ ಕಂದಾದ ಓಲೆ ಅವಕೆಂಪನ್ನು ಹಿಂದಕ್ಕೆ ಎಸೆಯುತ್ತದೆ, ಮಸಿಯಲ್ಲಿರುವ ಇಂಗಾಲ ಅದನ್ನು ನುಂಗುತ್ತದೆ. ಹಾಗಾಗಿ ಆ ಬೆಳಕಿನಲ್ಲಿ ಓಲೆ ಬೆಳ್ಳಗೆ, ಅಕ್ಷರ ಕಪ್ಪಗೆ. ಒಂದೊಂದು ಗರಿಯನ್ನೂ ಎಂಟು-ಹತ್ತು ತುಂಡುಗಳಾಗಿ ತೆಗೆದು, ಸುಮಾರು 7900 ಚಿತ್ರಗಳನ್ನು ಸಂಸ್ಕರಿಸಿ ಹೊಲಿದರು.

ಅಕ್ಷರಕ್ಕೆ ಇದು ವರದಾನ. ಬಣ್ಣದ ಚಿತ್ರಕ್ಕೆ ಇದೊಂದೇ ಸಾಲದು, ಯಾಕೆಂದರೆ ಅವಕೆಂಪಿನಲ್ಲಿ ಕೆಂಪು-ಹಸಿರು ಎಂಬ ಭೇದವೇ ಇಲ್ಲ. ಮೂಡುಬಿದಿರೆಯ ಓಲೆಗಳಂಥವಕ್ಕೆ ಎರಡೂ ಬೇಕು. ಅಕ್ಷರದ ವರ್ಣಕ್ಕೆ ಕಾಣದ ಬೆಳಕು, ಚಿತ್ರದ ವರ್ಣಕ್ಕೆ ಅಳೆದ ಬೆಳಕು.

ಅಳೆಯುವುದು ಹೇಗೆ? 1976ರಲ್ಲಿ ಬಂದ ಒಂದು ಸರಳ ಸಾಧನ ಇದೆ, ಬಣ್ಣದ ಚೌಕಗಳ ಒಂದು ಫಲಕ. ಪ್ರತಿ ಚೌಕದ ಬಣ್ಣವನ್ನೂ ಮೊದಲೇ ಅಳೆದಿರುತ್ತಾರೆ. ಓಲೆಯ ಪಕ್ಕ ಇದನ್ನಿಟ್ಟು ಫೋಟೋ ತೆಗೆದರೆ ಮುಂದೆ ಯಾವ ಯಂತ್ರವೇ ಬರಲಿ, ಗೊತ್ತಿರುವ ಬಣ್ಣಗಳಿಂದ ಗೊತ್ತಿಲ್ಲದ್ದನ್ನು ಲೆಕ್ಕ ಹಾಕಬಹುದು. ಚೌಕಗಳು ಎಷ್ಟು? 24. ತೀರ್ಥಂಕರರಷ್ಟೇ!

ವೇಣೂರು: 2000, 2012, 2024

ವೇಣೂರಿನ ಬಾಹುಬಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ್ದು, ಸುಮಾರು 35 ಅಡಿ. ಬೂದು ಕಲ್ಲು. ಮಹಾಮಸ್ತಕಾಭಿಷೇಕದ ದಿನ ಆ ಬೂದು ಮೈ ಮೇಲೆ ಹಾಲು, ಅರಿಶಿನ, ಚಂದನ, ಕುಂಕುಮ ಒಂದರ ಹಿಂದೆ ಒಂದು ಇಳಿಯುತ್ತವೆ. ಬಣ್ಣದ ಪ್ರೋಗ್ರಾಮು ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಿಕ್ಕಿಲ್ಲ. ಹಿಂದೆ ತಟಸ್ಥವಾದ ಬೂದು, ಮುಂದೆ ಬಿಳಿ, ಹಳದಿ, ಕೆಂಪು.

2000ದ ಅಭಿಷೇಕವನ್ನು ಹೆಚ್ಚಿನವರು ರೀಲು ಹಾಕಿದ ಕ್ಯಾಮೆರಾದಲ್ಲಿ ತೆಗೆದರು. ಬಣ್ಣ ತೀರ್ಮಾನವಾದದ್ದು ಸ್ಟುಡಿಯೋದ ಲ್ಯಾಬಿನಲ್ಲಿ. ಆದರೆ ನೆಗೆಟಿವ್ ಇದ್ದರೆ ಇವತ್ತಿಗೂ ಹೊಸದಾಗಿ ಸ್ಕ್ಯಾನ್ ಮಾಡಬಹುದು. 2012ರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ, ಜೆಪೆಗ್, ಎಸ್‌ಆರ್‌ಜಿಬಿ. 2024ರಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. 2016ರಿಂದ ಐಫೋನುಗಳು ಎಸ್‌ಆರ್‌ಜಿಬಿಗಿಂತ ವಿಶಾಲವಾದ ಪಿ3 ಎಂಬ ಲೆಕ್ಕದಲ್ಲಿ ಚಿತ್ರ ತೆಗೆಯುತ್ತವೆ. ಗಾಢ ಕೆಂಪು ಅದರಲ್ಲಿ ಇನ್ನೂ ಗಾಢ. ಅಂಥ ಚಿತ್ರವನ್ನು ಯಾವುದೋ ತಂತ್ರಾಂಶ ಚಿಕ್ಕದು ಮಾಡುವ ಭರದಲ್ಲಿ ಜಾತಕವನ್ನು ಕಿತ್ತು ಬಿಸಾಡಿದರೆ, ನೋಡುವ ಯಂತ್ರ ಅದೇ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದು ಓದುತ್ತದೆ. ಕುಂಕುಮ ಸಪ್ಪೆ. ಅಂಕಿ ಒಂದೂ ಬದಲಾಗಿಲ್ಲ, ಆದರೂ ಬಣ್ಣ ಹೋಯಿತು! ಹನ್ನೆರಡು ವರ್ಷಕ್ಕೊಮ್ಮೆ ಬರುವ ಹಬ್ಬ. ಮುಂದಿನದಕ್ಕೆ ಹೋಲಿಸಿ ನೋಡಲು ನಮ್ಮ ಬಳಿ ಏನು ಉಳಿದಿರುತ್ತದೆ?

ಬಂಟ್ವಾಳದವರ ಬುದ್ಧಿ

ಬಂಟ್ವಾಳದವರಿಗೆ 1923ರ ನೆರೆಯ ಕತೆ ಗೊತ್ತು, 1974ರ ನೆರೆಯೂ ಗೊತ್ತು. ನೇತ್ರಾವತಿ ಪೇಟೆಯೊಳಗೆ ಬಂದಾಗ ಮೊದಲು ಹೋಗುವುದು ಕಾಗದ-ಪತ್ರ. ಹಾಗಾಗಿ ನಮ್ಮ ಹಿರಿಯರು ಬೇಕಾದ್ದನ್ನು ಅಟ್ಟಕ್ಕೆ ಏರಿಸುತ್ತಿದ್ದರು, ಒಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡುತ್ತಿದ್ದರು. ಡಿಜಿಟಲ್ ಲೋಕದಲ್ಲೂ ನೆರೆ ಬರುತ್ತದೆ, ಸದ್ದು ಮಾತ್ರ ಇರುವುದಿಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, 2016ರಲ್ಲಿ ಪಿಕಾಸಾ ಹೋಯಿತು, 2019ರಲ್ಲಿ ಗೂಗಲ್ ಪ್ಲಸ್. ಬಿಟ್ಟಿ ಜಾಗದಲ್ಲಿ ಕುಳಿತು ಬರೆಯುವ ನಾನೂ ನೀವೂ ಇದನ್ನು ಮರೆಯಬಾರದು.

ಬ್ಲಾಗಿಗ ಮಿತ್ರರೇ, ನಮ್ಮಲ್ಲಿ ಬಹಳ ಮಂದಿ ಊರಿನ ಕೋಲ, ಕಂಬಳ, ಹಳೆ ಬಸದಿ, ಗುತ್ತಿನ ಮನೆಯ ಚಾವಡಿಯ ಚಿತ್ರ ತೆಗೆದು ಹಾಕಿದ್ದೇವೆ. ಕೆಲವು ಮನೆಗಳು ಈಗ ಇಲ್ಲ. ಆ ಚಿತ್ರವೇ ಮೂಲಪ್ರತಿ. ಆದ್ದರಿಂದ ಮೂರು ಮಾತು. ಕ್ಯಾಮೆರಾದಿಂದ ಬಂದ ಕಡತವನ್ನು ಹಾಗೇ ಉಳಿಸಿ, ಬ್ಲಾಗಿಗೆ ಹಾಕಿದ ಚಿಕ್ಕ ಪ್ರತಿಯನ್ನು ನಂಬಿ ಮೂಲ ಅಳಿಸಬೇಡಿ. ಚಿಕ್ಕದು ಮಾಡುವಾಗ ಬಣ್ಣದ ಜಾತಕ ಉಳಿಸುವ ಆಯ್ಕೆ ಇದ್ದರೆ ಅದನ್ನು ಒತ್ತಿ. ಹಳೆಯ ಓಲೆ, ಕಡತ, ಪಟ ಏನಾದರೂ ಚಿತ್ರೀಕರಿಸುವುದಿದ್ದರೆ ಪಕ್ಕದಲ್ಲಿ ಬಣ್ಣದ ಫಲಕ ಇಡಿ. ಇಲ್ಲದಿದ್ದರೆ ಮಾಸದ ಒಂದು ಬೂದು ಕಾರ್ಡನ್ನಾದರೂ ಇಡಿ.

ಪ್ರೋಗ್ರಾಮು ಬರೆಯುವ ಗೆಳೆಯರಿಗೆ ನಾಲ್ಕನೆಯ ಮಾತು. ಚಿತ್ರದ ಜತೆ ಬಂದ ಮಾಹಿತಿ ನಿಮಗೆ ಅರ್ಥವಾಗದಿದ್ದರೆ ಕಿತ್ತು ಬಿಸಾಡಬೇಡಿ, ಹಾಗೇ ಮುಂದಕ್ಕೆ ದಾಟಿಸಿ. ಓಲೆಯ ಲಿಪಿಕಾರರಿಗೆ ತಾನು ಬರೆಯುತ್ತಿರುವ ಪ್ರಾಕೃತವೆಲ್ಲ ಅರ್ಥವಾಗಿರಲೇಬೇಕೆಂದಿಲ್ಲ. ಆದರೂ ಅಕ್ಷರ ಬಿಡದೆ ದಾಟಿಸಿದರು. ಅದರಿಂದಲೇ 816ರ ಮಾತು 1939ರಲ್ಲಿ ಅಚ್ಚಾಯಿತು. ಅವರು ದಾಟಿಸಲಾಗದೆ ಉಳಿದ ಆ ಇನ್ನೊಂದು ವರ್ಣವನ್ನು ದಾಟಿಸುವ ಉಪಾಯ ನಮ್ಮ ಕೈಯಲ್ಲಿದೆ. ಓಲೆಯ ಮೇಲಿನ ಬಣ್ಣ ಮಾಸುವ ಮೊದಲು ಆ ಕೆಲಸ ಮುಗಿಯಲಿ.